ಅಣ್ಣಾರಾಯರ ದನಿಗಾಗಿ ಒಂದು ಕ್ವಾಡ್ ಆಂಟೆನಾ

ಗೆಳೆಯರೇ, ಇವತ್ತು ಸಂಜೆ ಕಾತ್ರಜದ ನಮ್ಮ ಕಟ್ಟಡದ ಗಚ್ಚಿಯಲ್ಲಿ ಹೊಸ ಆಂಟೆನಾ ನಿಲ್ಲಿಸುತ್ತಿದ್ದಾಗ ಸೊಸೈಟಿಯ ಕಾರ್ಯದರ್ಶಿ ಕುಲಕರ್ಣಿ ಬಾಯಾರು ಮೇಲೆ ಬಂದರು.

"ಇದನ್ನ ಮೊದಲ ತೆಗೀರಿ. ಆ ಹಳೇ ಕಡ್ಡಿ ಸಾಕಾಗ್ತಿರಲಿಲ್ಲೇನು?"

ಸಾಕಾಗುತ್ತಿರಲಿಲ್ಲ. ದೌಂಡಿನ ಅಣ್ಣಾರಾಯರು ನನಗೆ ಸಿಬಿ ರೇಡಿಯೊದಲ್ಲೇ, ಅಂದರೆ ಸಾಮಾನ್ಯರು ಮನೆಯಿಂದಲೇ ಪರಸ್ಪರ ಮಾತಾಡುವ ರೇಡಿಯೊದಲ್ಲೇ, ಪರಿಚಯವಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಮನೆ ಮಾಲೀಕ ಅವರ ಆಂಟೆನಾ ಕಂಬ ಕೀಳಿಸಿದ್ದರಿಂದ ಈಗ ಕೋಣೆಯೊಳಗೇ ಅಡ್ಡ ತಂತಿ ಕಟ್ಟಿಕೊಂಡಿದ್ದಾರೆ. ಅಡ್ಡ ತಂತಿಯ ಅಲೆ ನನ್ನ ನೆಟ್ಟಗಿನ ಕಡ್ಡಿಗೆ ಸಿಗುವುದಿಲ್ಲ. ಉಳಿದ ರೇಡಿಯೊ ಗೆಳೆಯರದೆಲ್ಲ ನೆಟ್ಟಗಿನ ಆಂಟೆನಾ; ಅವರನ್ನೂ ಬಿಡುವಂತಿಲ್ಲ. ಅದಕ್ಕೇ ಎರಡೂ ಬಗೆಯ ಅಲೆ ಹಿಡಿಯುವ ಈ ಚೌಕಾಕಾರದ ಡ್ಯುಯಲ್ ಪೋಲಾರಿಟಿ ಕ್ವಾಡ್ ಆರಿಸಿದೆ. ಬಾಯಾರಿಗೂ ಇದನ್ನೇ ಹೇಳಿದೆ.

"ಅವರಿಗೆ ಫೋನ್ ಮಾಡ್ರಲಾ."

"ಫೋನಿನ್ಯಾಗ 'ಆರಾಮ ಅದೀನಿ' ಅಂತಂದು ಇಟ್ಟಬಿಡ್ತಾರ್ರಿ."

ರೇಡಿಯೊ ಹಚ್ಚಿ, ಆಂಟೆನಾದ ಸ್ವಿಚ್ಚನ್ನು ಅಡ್ಡ ಅಲೆಗೆ ತಿರುಗಿಸಿದೆ. ಗರಗರ ಸದ್ದಿನ ನಡುವೆ ಅಣ್ಣಾರಾಯರ ದನಿ ಬಂತು.

"ಯಾರಿಗೂ ಕೇಳಸಂಗಿಲ್ಲ ಅಂತ ಗೊತ್ತದ. ಆದ್ರೂ ದಿನಾ ಸಂಜಿಗೆ ಮಾತಾಡ್ತೀನಿ. ಇವತ್ತ ಅನ್ನ ಸೀದಹೋತು."

ಬಾಯಾರು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಕೇಳಿದರು, "ನೀರ ಎಷ್ಟ ಹಾಕಿದ್ರಿ, ಅಣ್ಣಾರಾಯರ?"

ಆಂಟೆನಾಕ್ಕೆ ಸೊಸೈಟಿಯ ಅನುಮತಿ ಸಿಕ್ಕಿದೆ. ನನಗೆ ಮಾತ್ರ ಮೈಕ್ ಇನ್ನೂ ಸಿಕ್ಕಿಲ್ಲ.