ಕೂಡಿ ಹಾಡಿದ ಧಾಟಿ

ಹೊಸ ಧಾಟಿ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಚಿತ್ತಾಪುರದ ಶಾಲೆಯಲ್ಲಿ ಇಷ್ಟು ವರ್ಷ ಸಂಗೀತ ಹೇಳಿಕೊಟ್ಟು ಬಂದ ಗುಣವಿದು. ಮಕ್ಕಳು ‘ನಾನೇ ಕಟ್ಟೀನ್ರಿ ಸರ’ ಎಂದು ಹಾಡಿದ್ದರಲ್ಲಿ ಮುಕ್ಕಾಲು ಪಾಲು ಸಿನಿಮಾದ್ದೋ ಮೊಬೈಲಿನದೋ ಆಗಿರುತ್ತಿತ್ತು. ಅದಕ್ಕೇ ಹೋದ ವರ್ಷ ವಾಡಿಯ ರಾಗ ಸಂಯೋಜನೆ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಾಗ ಷರತ್ತು ಹಾಕಿದೆ: ಹೊಸ ಪದ್ಯವನ್ನು ಅಂದು ಬೆಳಿಗ್ಗೆಯೇ ಕೊಡಬೇಕು, ಮೊಬೈಲ್ ಇಸಿದುಕೊಳ್ಳಬೇಕು, ಮಧ್ಯಾಹ್ನವೇ ಹಾಡಿಸಬೇಕು.

ಸ್ಪರ್ಧೆ ನಡೆದದ್ದು ಗುಡಿಯ ಸಭಾಭವನದಲ್ಲಿ. ಮುಂದಿನ ಸಾಲಿನಲ್ಲಿ ಆ ಗುಡಿಯ ಭಜನಾ ಮಂಡಳಿಯ ಹೆಂಗಸರು ಕೂತಿದ್ದರು. ಶಹಾಬಾದಿನಿಂದ ಬಂದ ಕಾಲೇಜು ಹುಡುಗಿಯೊಬ್ಬಳು ಹಾರ್ಮೋನಿಯಂ ಪೇಟಿ ಎಳೆದುಕೊಂಡಳು. ಅವಳ ತಂದೆ ಬಾಗಿಲಲ್ಲೇ ನಿಂತಿದ್ದರು. “ಇವತ್ತು ಗೆದ್ರ ಸಂಗೀತ ಕಲೀಲಿಕ್ಕ ಕಲಬುರಗಿಗೆ ಕಳಸ್ತೀನ್ರಿ. ಇಲ್ಲಂದ್ರ ಪೇಟಿ ಮುಚ್ಚಿಡೋದೇ” ಎಂದು ಬರುವಾಗಲೇ ನಮಗೆ ಹೇಳಿದ್ದರು.

ಹುಡುಗಿ ಪಲ್ಲವಿ ಹಾಡಿದಳು. ಚೆಂದವಿತ್ತು. ಅನುಮಾನ ಬರುವಷ್ಟು ಚೆಂದವಿತ್ತು. ಎರಡನೇ ಸಲ ಹಾಡುವಷ್ಟರಲ್ಲಿ ಮುಂದಿನ ಸಾಲಿನವರೆಲ್ಲ ಚಪ್ಪಾಳೆಯ ತಾಳ ಹಾಕುತ್ತ ದನಿಗೂಡಿಸಿಬಿಟ್ಟರು.

“ಕೇಳಿದ್ರಿಲ್ಲೋ? ಎಲ್ಲಾರಿಗೂ ಬರ್ತದ. ಹಳೇ ಧಾಟಿನೇ ಇದು” ಎಂದರು ನನ್ನ ಪಕ್ಕದಲ್ಲಿದ್ದ ಸೇಡಂನ ತೀರ್ಪುಗಾರರು. ಸೃಜನಶೀಲತೆಯ ಅಂಕಕ್ಕೆ ಸೊನ್ನೆ ಬರೆಯಲು ಪೆನ್ನನ್ನೂ ತೆಗೆದರು. ನನಗೂ ಹಾಗೇ ಅನಿಸಿತ್ತು. ಆದರೆ ನನಗೆ ಅವರ ಮೇಲೂ ಅನುಮಾನ. ಅದಕ್ಕೂ ಮೊದಲು ಅವರೂರಿನ ಹುಡುಗ ಹಾಡಿದ್ದು ಯಾರ ಬಾಯಿಗೂ ಹತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ‘ಪೂರಾ ಹೊಸದು’ ಎಂದು ಅವನಿಗೆ ಅಂಕ ಸುರಿದಿದ್ದರು.

ನಾನು ಹಾಡು ನಿಲ್ಲಿಸಿ ಹೆಂಗಸರನ್ನು ಕೇಳಿದೆ: “ಅಕ್ಕಾರ, ಈ ಧಾಟಿ ನಿಮಗ ಮೊದಲಿಂದ ಗೊತ್ತದ ಏನ್ರಿ?”

“ಇಲ್ರಿ ಸರ. ಒಬ್ಬರು ಹಾಡಿದ್ರ ಅವರ ಹಿಂದ ನಾವೂ ಅನ್ನೋದು ನಮ್ಮ ಭಜನಿ ರೂಢಿ ಅದ” ಎಂದರು ಅವರಲ್ಲಿ ಹಿರಿಯಾಕೆ.

ಅದನ್ನೂ ನಾನು ನಂಬಲಿಲ್ಲ. “ಹಂಗಾದ್ರ ಚರಣ ಆಕಿಗಿಂತ ಮೊದಲ ನೀವೇ ಹಾಡ್ರಿ” ಎಂದು ಚರಣದ ಸಾಲು ಓದಿ ಹೇಳಿದೆ. ಹಳೆಯ ಧಾಟಿಯಾಗಿದ್ದರೆ ಎಲ್ಲರೂ ಒಂದೇ ರೀತಿ ಹಾಡಬೇಕಿತ್ತಲ್ಲ? ಒಬ್ಬರು ಜೋಗುಳದ ಹಾಗೆ ಎಳೆದರು, ಒಬ್ಬರು ಆರತಿ ಹಾಡಿನ ಹಾದಿ ಹಿಡಿದರು, ಇನ್ನೊಬ್ಬರು ನಡುವೆಯೇ ಸಿಕ್ಕಿಬಿದ್ದರು. ಭವನವೆಲ್ಲ ನಕ್ಕಿತು. ಹುಡುಗಿ ಮತ್ತು ಅವಳ ತಂದೆ ನಗಲಿಲ್ಲ. ಸೇಡಂನವರು ಪೆನ್ನು ಕೆಳಗಿಟ್ಟರು.

ನನ್ನ ಪರೀಕ್ಷೆಯ ಬಗ್ಗೆ ನನಗೇ ಖುಷಿಯಾಯಿತು. “ನೋಡ್ರಿ, ನೀವು ದನಿಗೂಡಿಸಿದ್ದಕ್ಕ ಆಕಿಗಿ ಸೊನ್ನೆ ಬೀಳ್ತಿತ್ತು” ಎಂದು ಹೆಂಗಸರಿಗೆ ಹೇಳಿ, “ಮುಂದ ಹಾಡವ್ವಾ” ಎಂದೆ.

ಅವಳು ಚರಣ ಹಾಡಿದಳು. ನಾನು ಊಹಿಸಿದ ಕಡೆ ಅದು ಒಮ್ಮೆಯೂ ಹೋಗಲಿಲ್ಲ. ಇಬ್ಬರೂ ಪೂರ್ತಿ ಅಂಕ ಕೊಟ್ಟೆವು. ಕೊನೆಗೆ ಮೊದಲ ಬಹುಮಾನ ಅವಳದೇ ಎಂದು ಸಾರಿದಾಗ ತಂದೆ ಒಳಗೆ ಬಂದು ಕೂತರು.

ಗೆದ್ದ ಹಾಡನ್ನು ಇನ್ನೊಮ್ಮೆ ಹಾಡಲು ಹೇಳಿದೆವು. ಹುಡುಗಿ ಪಲ್ಲವಿ ಹಾಡಿ, ಮುಂದಿನ ಸಾಲಿನವರು ಎತ್ತಿಕೊಳ್ಳಲಿ ಎಂದು ಕಾದಳು. ಯಾರೂ ಎತ್ತಿಕೊಳ್ಳಲಿಲ್ಲ. ಹಿರಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ಹಾಡ್ರಿ ಅಮ್ಮಾ, ಯಾಕ ಸುಮ್ಮನಾದ್ರಿ?” ಎಂದಳು ಹುಡುಗಿ.

ಅವರೆಲ್ಲ ನನ್ನ ಮುಖ ನೋಡಿದರು.