ಅಲ್ಲಾಡಬೇಡಿ ಮಾವನ ಬಾಯಗಲದ ಲೆನ್ಸು

ದರ್ಜಿ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಿದ್ದ ಆ ಫೋಟೋ ಸ್ಟುಡಿಯೋದ ಯಜಮಾನರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಬೋರ್ಡಿನ ಮೇಲೆ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವರು ‘ಅಲ್ಲಾಡಬೇಡಿ ಮಾವ’. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ, ಶಾಲೆಯ ಗುರುತಿನ ಚೀಟಿಗೆ ಎಂದು ಯಾರೇ ಬಂದು ಸ್ಟೂಲಿನ ಮೇಲೆ ಕೂತರೂ ಗಲ್ಲ ಎತ್ತಿಸಿ, ಭುಜ ಸರಿಮಾಡಿ, ಕ್ಯಾಮೆರಾದ ಹಿಂದೆ ಹೋಗಿ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಅಲ್ಲಾಡ್ಬೇಡಿ!” ಆ ದನಿಗೆ ರಚ್ಚೆ ಹಿಡಿದ ಕೂಸು ಕೂಡ ಬಾಯಿ ಮುಚ್ಚುತ್ತಿತ್ತು. ಗೋಡೆಯ ಮೇಲಿನ ಹಲ್ಲಿಯೂ ನಿಂತುಬಿಡುತ್ತದೆ ಎಂದು ಪಕ್ಕದ ದರ್ಜಿ ಆಣೆ ಇಟ್ಟು ಹೇಳುತ್ತಿದ್ದ.

ಸ್ಟುಡಿಯೋದ ಮುಂದೆ ಒಂದು ಗಾಜಿನ ಪೆಟ್ಟಿಗೆ. ತಮ್ಮ ಮನಸ್ಸಿಗೆ ಬಂದ ಫೋಟೋ ಇದ್ದರೆ ಮಾವ ಅದನ್ನು ದೊಡ್ಡದು ಮಾಡಿ ಅಲ್ಲಿ ತೂಗುಹಾಕುತ್ತಿದ್ದರು. ಬೀದಿಯ ಅರ್ಧ ಮುಖಗಳು ಅಲ್ಲಿದ್ದವು. ಇಲ್ಲದಿದ್ದದ್ದು ಅವರ ಸ್ವಂತ ಮನೆಯ ಮುಖ.

ಮಾವ ಮದುವೆಯಾದವರಲ್ಲ. ಸ್ಟುಡಿಯೋದ ಮಹಡಿಯ ಮೇಲೆ ತಂಗಿ, ತಂಗಿಯ ಮಗಳು ಇದ್ದರು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಗಂಡ ತೀರಿಕೊಂಡ ಮೇಲೆ ಕಂಕುಳಲ್ಲಿ ಕೂಸನ್ನು ಹೊತ್ತುಕೊಂಡು ಅಣ್ಣನ ಮನೆಗೆ ಬಂದವಳು ಅಲ್ಲೇ ನೆಲೆನಿಂತಳು. ಆ ಕೂಸಿಗೆ ಮಾವ ಇಟ್ಟ ಹೆಸರು ಬುಗುರಿ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ. ಇಡೀ ಬೀದಿಯನ್ನು ಒಂದೇ ಮಾತಿನಿಂದ ನಿಲ್ಲಿಸುತ್ತಿದ್ದ ಮಾವನಿಗೆ ಇವಳನ್ನು ಮಾತ್ರ ನಿಲ್ಲಿಸಲಾಗಲಿಲ್ಲ. ಹುಟ್ಟುಹಬ್ಬದ ಫೋಟೋದಲ್ಲಿ ಫ್ರಾಕು ಇದೆ, ಮುಖ ಇಲ್ಲ. ತರಗತಿಯ ಫೋಟೋದಲ್ಲಿ ಮೂರನೇ ಸಾಲಿನಲ್ಲಿ ಎರಡು ಜಡೆಗಳ ನಡುವೆ ಒಂದು ಮಸುಕು. “ದೇವರು ಈ ಮಗೂನ ಮಾಡುವಾಗ ಬ್ರೇಕು ಹಾಕೋದು ಮರೆತ,” ಎನ್ನುತ್ತಿದ್ದರು. ಬೇಸರವಿಲ್ಲ. ಆದರೆ ಗಾಜಿನ ಪೆಟ್ಟಿಗೆಯ ನಟ್ಟನಡುವಿನ ಜಾಗವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.

ಹೀಗಿರುವಾಗ ತಂಗಿಗೆ ದೂರದ ಊರಿಗೆ ವರ್ಗವಾಯಿತು. ಅದೇ ವಾರ ಇನ್ನೊಂದು ಸುದ್ದಿ: ಬುಗುರಿ ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ತಂಡ ಫೈನಲ್‌ಗೆ ಬಂದಿತ್ತು. ಆಟ ಶನಿವಾರ, ಪಯಣ ಸೋಮವಾರ.

ಮಾವ ಊಟದ ತಟ್ಟೆಯ ಮುಂದೆ ಕೂತವರು ಎದ್ದು ನಿಂತರು. “ಶನಿವಾರ ಇವಳನ್ನ ಹಿಡೀತೀನಿ. ಗಾಳಿಲಿ ಇರುವಾಗ್ಲೇ ಹಿಡೀತೀನಿ!”

“ನೆಲದ ಮೇಲೆ ಇದ್ದಾಗ ಹಿಡಿಯೋಕೆ ಆಗ್ಲಿಲ್ಲ, ಗಾಳಿಲಿ ಹಿಡೀತಾನಂತೆ,” ಎಂದಳು ತಂಗಿ. “ಮೊದ್ಲು ಕೂತ್ಕೊಂಡು ಊಟ ಮಾಡೋ ಅಣ್ಣ.”

“ಮಾವ, ಅಲ್ಲಿ ಫ್ಲ್ಯಾಶ್ ಹೊಡೆಯೋ ಹಾಗಿಲ್ಲ,” ಎಂದಳು ಬುಗುರಿ, ಒಂದು ಕಾಲಿನ ಮೇಲೆ ಕುಣಿಯುತ್ತ. “ಕಣ್ಣಿಗೆ ಹೊಡೆಯುತ್ತೆ ಅಂತ ರೆಫರಿ ಓಡಿಸಿಬಿಡ್ತಾರೆ.”

“ಬೇಡ ಬಿಡು. ಒಳ್ಳೆ ಲೆನ್ಸ್ ತರ್ತೀನಿ.”

ಮರುದಿನ ಬೆಳಿಗ್ಗೆ ತಮ್ಮ ಸ್ಟುಡಿಯೋದ ಬಾಗಿಲು ತೆಗೆಯುವ ಮೊದಲೇ ಮಾವ ಕ್ಯಾಮೆರಾ ಡಾಕ್ಟ್ರಮ್ಮನ ಅಂಗಡಿಯಲ್ಲಿದ್ದರು. ಆಕೆ ಕ್ಯಾಮೆರಾ ರಿಪೇರಿ ಮಾಡುವ ಹೆಂಗಸು. ಹಣೆಯ ಮೇಲೆ ಭೂತಗನ್ನಡಿ, ಸೆರಗಿಗೆ ಸಿಕ್ಕಿಸಿದ ಪುಟ್ಟ ಸ್ಕ್ರೂಡ್ರೈವರ್. ಹಳೆಯ ಲೆನ್ಸುಗಳನ್ನು ಬಾಡಿಗೆಗೂ ಕೊಡುತ್ತಿದ್ದಳು. ಮಾವ ಆಕೆಯನ್ನು ಕಿಟಕಿಯ ಪಕ್ಕ ಕೂರಿಸಿ, ಒಂದೊಂದೇ ಲೆನ್ಸ್ ಹಾಕಿ, “ಅಲ್ಲಾಡ್ಬೇಡಿ!” ಎಂದು ಹೇಳಿ ಹೇಳಿ ತೆಗೆದರು. ಎಲ್ಲದರಲ್ಲೂ ಡಾಕ್ಟ್ರಮ್ಮ ಚೆನ್ನಾಗಿಯೇ ಬಂದಳು. ಎಲ್ಲವೂ ಚೆನ್ನಾಗಿದ್ದ ಮೇಲೆ ಉದ್ದದ್ದೇ ಒಳ್ಳೆಯದಲ್ಲವೇ? ಎಳೆದರೆ ಮೊಳದುದ್ದವಾಗುವ ಒಂದು ಜೂಮ್ ಲೆನ್ಸನ್ನು ಎತ್ತಿಕೊಂಡರು.

“ಯಜಮಾನ್ರೇ, ಆ ಮಗು ಓಡುತ್ತೆ ಅಲ್ವಾ?” ಎಂದಳು ಡಾಕ್ಟ್ರಮ್ಮ.

“ಓಡ್ಲಿ! ಇದು ಆಚೆ ಗೋಡೆವರೆಗೂ ಹಿಡಿಯುತ್ತೆ,” ಎಂದು ಮಾವ ಹೊರಟೇಬಿಟ್ಟರು. ಆತುರದ ಮನುಷ್ಯನಿಗೆ ಬುದ್ಧಿ ಹೇಳುವುದು ಹರಿಯುವ ನೀರಿಗೆ ಗಂಟು ಹಾಕಿದ ಹಾಗೆ. ಆಕೆ ಭೂತಗನ್ನಡಿಯನ್ನು ಕಣ್ಣಿಗಿಳಿಸಿಕೊಂಡು ರಿಪೇರಿಗೆ ಕೂತಳು.

ಸಂಜೆ ತಂಡದ ಅಭ್ಯಾಸದ ಪಂದ್ಯ. ತಗಡಿನ ಮಾಡಿನ ದೊಡ್ಡ ಹಾಲ್. ಎತ್ತರದಲ್ಲಿ ತೂಗುಬಿಟ್ಟ ದೀಪಗಳು, ಅವುಗಳಲ್ಲಿ ಅರ್ಧ ಕಣ್ಣುಮುಚ್ಚಿಕೊಂಡಿದ್ದವು. ಮಾವ ಅಂಕಣದ ಅಂಚಿನಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಕ್ಯಾಮೆರಾ ಬಿಗಿದು, ಮೊಳದ ಲೆನ್ಸನ್ನು ಎಳೆದು ಸಜ್ಜಾದರು. ಬೂಟುಗಳು ಮರದ ನೆಲಕ್ಕೆ ಉಜ್ಜಿ ಕಿರ್ ಕಿರ್ ಎನ್ನುತ್ತಿದ್ದವು. ಚೆಂಡಿನ ದಡಬಡ ಸದ್ದು ಎದೆಗೇ ಬಡಿಯುತ್ತಿತ್ತು. ಬುಗುರಿ ಚೆಂಡು ಹಿಡಿದು ಇಬ್ಬರನ್ನು ದಾಟಿ ನುಗ್ಗಿದಳು. ಮಾವ ಬಟನ್ನಿನ ಮೇಲೆ ಬೆರಳಿಟ್ಟರು. ಅವಳು ಚೆಂಡು ಎತ್ತಿ ಎಗರಬೇಕು, ಮಾವ ಬಟನ್ ಒತ್ತಬೇಕು. ಅಷ್ಟರಲ್ಲಿ ವರ್ಷಗಟ್ಟಲೆ ಅಭ್ಯಾಸವಾದ ನಾಲಿಗೆ ತನ್ನ ಕೆಲಸ ತಾನು ಮಾಡಿತು.

“ಅಲ್ಲಾಡ್ಬೇಡಿ!”

ಹಾಲ್ ನಿಂತುಹೋಯಿತು. ಬುಗುರಿಯ ತಂಡದ ಹುಡುಗಿಯರೆಲ್ಲ ಅದೇ ಬೀದಿಯ ಮಕ್ಕಳು. ಹಲ್ಲು ಬಿದ್ದ ವಯಸ್ಸಿನಿಂದ ಆ ಸ್ಟೂಲಿನ ಮೇಲೆ ಕೂತೆದ್ದವರು. ಒಬ್ಬಳು ಕೈ ಚಾಚಿದವಳು ಚಾಚಿದ ಹಾಗೇ, ಇನ್ನೊಬ್ಬಳು ಗಲ್ಲ ಎತ್ತಿ, ಭುಜ ಸರಿಮಾಡಿಕೊಂಡು, ಗೊಂಬೆಗಳ ಹಾಗೆ ನಿಂತುಬಿಟ್ಟರು. ಎಂದೂ ನಿಲ್ಲದ ಬುಗುರಿ ಒಬ್ಬಳೇ ಎಗರಿ, ಚೆಂಡನ್ನು ಗೆಳತಿಯ ಕೈಗೆ ಎಸೆದಳು. ಗೆಳತಿ ಹಿಡಿಯಲಿಲ್ಲ. ಚೆಂಡು ಅವಳ ಹೊಟ್ಟೆಗೆ ತಾಗಿ ಉರುಳಿತು. ಎದುರಾಳಿ ತಂಡದವಳು ಅದನ್ನು ಹೆಕ್ಕಿಕೊಂಡು, ನಡೆದುಕೊಂಡೇ ಹೋಗಿ ಬುಟ್ಟಿಗೆ ಹಾಕಿ ಬಂದಳು.

ತಂಡದ ಕೋಚಮ್ಮ ಸೀಟಿಯನ್ನು ಬಾಯಿಂದ ಕಿತ್ತು ಬಂದರು. “ಮಾವ, ನಿಮಗೆ ಕೈ ಮುಗೀತೀನಿ. ಶನಿವಾರ ನೀವು ಮನೇಲಿ ಇರಿ.”

“ಅಮ್ಮಾ, ತಪ್ಪಾಯ್ತು. ಬಾಯಿಗೆ ಬೀಗ ಹಾಕ್ಕೊಂಡು ಬರ್ತೀನಿ.”

“ನಿಮ್ಮ ಬಾಯಿಗೆ ಬೀಗ ಸಾಲಲ್ಲ. ಬಟ್ಟೆ ತುರುಕ್ಕೊಂಡು ಬರೋದಾದ್ರೆ ಬನ್ನಿ. ಒಂದು ಸದ್ದು ಬಂದ್ರೂ ಹೊರಗೆ.”

ಮಾನ ಹೋದದ್ದು ಹೋಯಿತು, ಫೋಟೋ ಆದರೂ ಬಂದಿರಬಹುದು ಎಂದು ಮಾವ ಮನೆಗೆ ಬಂದು ನೋಡಿದರು. ಗೋಡೆ, ಬೆಂಚು, ಬುಟ್ಟಿಯ ಬಲೆಯ ಒಂದೊಂದು ಗಂಟು, ಎಲ್ಲ ಕೊರೆದಿಟ್ಟಂತೆ ಸ್ಪಷ್ಟ. ಓಡುತ್ತಿದ್ದ ಮಕ್ಕಳು ಮಾತ್ರ ಹೊಗೆ. ಚೆಂಡು ಒಂದು ಬಾಲದ ನಕ್ಷತ್ರ.

ಹೆಗಲ ಮೇಲಿಂದ ಬಗ್ಗಿ ನೋಡಿದ ಬುಗುರಿ ಬಿದ್ದು ಬಿದ್ದು ನಕ್ಕಳು. “ಮಾವ, ಹಾಲ್‌ಗೆ ಪಾಸ್‌ಪೋರ್ಟ್ ಮಾಡಿಸ್ತಿದ್ದೀರಾ?”

ಆ ರಾತ್ರಿ ತಂಗಿ ದೇವರ ಮುಂದೆ ದೀಪ ಹಚ್ಚುವಾಗ ಮಾವನೂ ಪಕ್ಕದಲ್ಲಿ ಕೂತರು. ದೇವರಲ್ಲಿ ಅವರು ಬೇಡುವುದು ಕಡಿಮೆ, ಸುಮ್ಮನೆ ಕೂರುವುದೇ ಹೆಚ್ಚು. ದೀಪದ ಕುಡಿ ಅಲ್ಲಾಡುತ್ತಿತ್ತು. ಅಲ್ಲಾಡುತ್ತಲೇ ಬೆಳಗುತ್ತಿತ್ತು. ಮಾವ ಅದನ್ನೇ ನೋಡುತ್ತಿದ್ದವರು ತಟ್ಟನೆ ತಿರುಗಿದರು. “ತಂಗೀ, ನಾನೆಂಥ ದಡ್ಡ! ಓಡೋ ಮಗೂಗೆ ಅಂತ ಲೆನ್ಸ್ ಹುಡುಕ್ತಾ, ಡಾಕ್ಟ್ರಮ್ಮನ್ನ ಕೂರಿಸಿ ನೋಡ್ದೆ!”

ಮರುದಿನ ಬುಗುರಿಯನ್ನೂ ಕರೆದುಕೊಂಡೇ ಹೋದರು. ಅವರು ಬಾಯಿ ತೆರೆಯುವ ಮೊದಲೇ ಡಾಕ್ಟ್ರಮ್ಮ ಕೈಚಾಚಿ ಮೊಳದ ಲೆನ್ಸನ್ನು ವಾಪಸು ಇಸಿದುಕೊಂಡಳು. “ಬರ್ತೀರಿ ಅಂತ ಗೊತ್ತಿತ್ತು. ಲೆನ್ಸ್ ಅಂದ್ರೆ ಬಾಗಿಲು, ಯಜಮಾನ್ರೇ. ಇದರ ಬಾಗಿಲು ಕಿರಿದು. ಆ ಹಾಲ್‌ನ ಬೆಳಕು ಒಳಗೆ ಬಂದು ಸೇರೋಷ್ಟರಲ್ಲಿ ನಿಮ್ಮ ಬುಗುರಿ ಆಚೆ ಬೀದಿಲಿ ಇರ್ತಾಳೆ.”

ಮಾವನಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಸ್ವಿಚ್ ಒತ್ತಿದರೆ ಬೆಳಕು, ಗದರಿದರೆ ನಿಲ್ಲುವ ಜನ ಇರುವ ಕೋಣೆಯಲ್ಲಿ ಅದು ತುಕ್ಕು ಹಿಡಿದಿತ್ತು. ಈಗ ಅವರ ಕಣ್ಣು ಹೊಳೆಯತೊಡಗಿತು. “ಬಾಯಗಲದ್ದು ಕೊಡಿ. ಲೆನ್ಸ್ ಮೇಲೆ ಬರೆದಿರೋ ಬಾಯಿಯ ಸಂಖ್ಯೆ ಚಿಕ್ಕದಿದ್ದಷ್ಟೂ ಬಾಯಿ ದೊಡ್ಡದು, ಅಲ್ವಾ? ಇರೋದನ್ನೆಲ್ಲ ತೆಗೀರಿ!”

ಡಾಕ್ಟ್ರಮ್ಮ ಕಿಟಕಿ ಮುಚ್ಚಿ ಒಂದೇ ದೀಪ ಉಳಿಸಿದಳು. ಕೋಣೆ ಹಾಲ್‌ಗಿಂತಲೂ ಮಂಕಾಯಿತು. ಮೇಜಿನ ಮೇಲೆ ಮೂರು ಲೆನ್ಸು ಇಟ್ಟಳು. ಕ್ಯಾಮೆರಾದ ಶಟರ್ ತೆರೆದು ಮುಚ್ಚುವ ವೇಗ ಹೆಚ್ಚಿಸಿ, “ಈಗ ಎಗರು ಮಗಳೇ,” ಎಂದಳು. ಜೀವಮಾನದಲ್ಲಿ ಮೊದಲ ಸಲ ಫೋಟೋಗೆಂದು ಎಗರಲು ಹೇಳಿಸಿಕೊಂಡ ಬುಗುರಿ ಚೆಂಡು ಸಿಕ್ಕ ನಾಯಿಮರಿಯಂತಾದಳು. ಕಪಾಟಿನ ಗಾಜುಗಳೆಲ್ಲ ಗಲಗಲ ಎಂದವು.

ಮೊದಲನೆಯದು ಭಾರಿ ಜೂಮ್. ಹಿಂದಿನದರ ಹಾಗಲ್ಲ, ಇದರ ಬಾಯಿ ಎಷ್ಟು ಎಳೆದರೂ ಎರಡು ಪಾಯಿಂಟ್ ಎಂಟಕ್ಕೇ ನಿಲ್ಲುವಂಥದ್ದು. ಫೋಟೋದಲ್ಲಿ ಬುಗುರಿ ಮಸುಕಾಗದೆ ನಿಂತಳು, ಆದರೆ ಚಿತ್ರ ಮರಳು ಎರಚಿದ ಹಾಗೆ ಕಾಳುಕಾಳು. ಮೇಲಾಗಿ ತೂಕ, ಕೊಡಪಾನ ಎತ್ತಿದಂತೆ. ಆಟ ಮುಗಿಯುವ ಮೊದಲೇ ಮಾವನ ಕೈ ಸೋಲುವುದು ಖಂಡಿತ. ಎರಡನೆಯದು ಲಿಂಬೆಹಣ್ಣಿನಷ್ಟು ಪುಟ್ಟದು, ಐವತ್ತು ಮಿಲಿಮೀಟರಿನದ್ದು. ಬಾಯಿ ಒಂದು ಪಾಯಿಂಟ್ ಎಂಟು. ಚಿತ್ರ ಬೆಳ್ಳಗೆ, ಬುಗುರಿ ಸ್ಪಷ್ಟ. ಆದರೆ ತೀರ ಮುಂದೆ ನಿಲ್ಲದಿದ್ದರೆ ಮುಖ ಹುಣಸೆಬೀಜದಷ್ಟು. ಮೂರನೆಯದು ಇನ್ನಷ್ಟು ಹತ್ತಿರ ತೋರಿಸುವ ಎಂಬತ್ತೈದರದ್ದು, ಬಾಯಿ ಅಷ್ಟೇ ಅಗಲ. ಬುಗುರಿ ಎಗರಿದಳು, ಮಾವ ಒತ್ತಿದರು, ಮೂವರೂ ಪರದೆಯ ಮೇಲೆ ತಲೆ ಕೂಡಿಸಿದರು.

ರೆಪ್ಪೆಯ ಕೂದಲು ಎಣಿಸಬಹುದಿತ್ತು.

“ಇದೇ!” ಎಂದು ಮಾವ ಕೂಗಿದ ರಭಸಕ್ಕೆ ಡಾಕ್ಟ್ರಮ್ಮನ ಹಣೆಯ ಭೂತಗನ್ನಡಿ ಮೂಗಿಗೆ ಜಾರಿತು.

“ತಾಳಿ, ಇದಕ್ಕೊಂದು ಕುಂದು ಇದೆ,” ಎಂದಳು ಆಕೆ. “ಇದು ಜೂಮ್ ಅಲ್ಲ. ಹತ್ತಿರ ಬೇಕಂದ್ರೆ ನೀವೇ ಹತ್ತಿರ ಹೋಗ್ಬೇಕು. ದೂರ ಬೇಕಂದ್ರೆ ನೀವೇ ಹಿಂದೆ ಸರೀಬೇಕು. ಆ ಮೂರು ಕಾಲಿನ ಸ್ಟ್ಯಾಂಡ್ ಮನೇಲೇ ಬಿಡಿ.”

ಮಾವ ಲೆನ್ಸನ್ನೂ ತಮ್ಮ ಕಾಲುಗಳನ್ನೂ ನೋಡಿಕೊಂಡರು. “ಅಂದ್ರೆ... ನಾನು ಅಲ್ಲಾಡ್ಬೇಕು?”

ಬುಗುರಿ ನಗು ತಡೆಯಲಾರದೆ ಅಂಗಡಿಯ ಹೊರಗೆ ಓಡಿಹೋದಳು.

ಶನಿವಾರದವರೆಗೆ ಬೀದಿಯವರು ಕಂಡದ್ದನ್ನು ಕಂಡವರೇ ನಂಬಬೇಕು. ಅಲ್ಲಾಡಬೇಡಿ ಮಾವ ಬೆಳಿಗ್ಗೆ ಎದ್ದು ದರ್ಜಿಯ ಅಂಗಡಿಯಿಂದ ಔಷಧದ ಅಂಗಡಿಯವರೆಗೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತಿದ್ದರು, ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡೇ. ಸೈಕಲ್ಲುಗಳನ್ನು, ಪಾರಿವಾಳಗಳನ್ನು, ಬಸ್ಸು ತಪ್ಪಿಸಿಕೊಂಡು ಓಡುವ ಗುಮಾಸ್ತರನ್ನು ಹಿಡಿದರು. “ಯಾರಾದ್ರೂ ಆ ಮನುಷ್ಯನಿಗೆ ಅಲ್ಲಾಡ್ಬೇಡಿ ಅಂತ ಹೇಳ್ರಪ್ಪಾ!” ಎಂದು ದರ್ಜಿ ಕೂಗಿದ.

ಫೈನಲ್ ದಿನ ಹಾಲ್ ಕಿಕ್ಕಿರಿದಿತ್ತು. ಮಾವ ಕೋಚಮ್ಮನ ಮುಂದೆ ನಿಂತು, ಒಗೆದು ಮಡಿಸಿದ ಕರವಸ್ತ್ರವನ್ನು ಜೇಬಿನಿಂದ ತೆಗೆದು, ಅವರು ನೋಡುತ್ತಿದ್ದಂತೆಯೇ ಬಾಯಿಗೆ ತುರುಕಿಕೊಂಡರು. ಕೋಚಮ್ಮ ನಗದಿರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬುಟ್ಟಿಯ ಕಂಬದ ಪಕ್ಕದ ಗೆರೆಯಾಚೆ ಜಾಗ ತೋರಿಸಿದರು.

ಆಟ ಶುರುವಾಯಿತು. ಮಾವ ಕೂತರು, ಎದ್ದರು, ಮಂಡಿಯೂರಿ ಸರಿದರು. ಬುಗುರಿ ಎಗರಿದಾಗ ಮಾವ ತಡ, ಮಾವ ಸಜ್ಜಾದಾಗ ಬುಗುರಿ ಇಲ್ಲ. ರೆಫರಿಯ ಬೆನ್ನು ಸಿಕ್ಕಿತು, ಯಾರದೋ ಮೊಣಕೈ ಸಿಕ್ಕಿತು. ಬೆವರು ಕಣ್ಣಿಗಿಳಿಯಿತು. ಅಂಕಗಳು ಸಮ ಸಮ ಏರುತ್ತ ಬಂದು, ಕೊನೆಯ ನಿಮಿಷದಲ್ಲೂ ಸಮವಾಗಿಯೇ ನಿಂತವು. ಬೆಂಚಿನ ಮೇಲೆ ಹತ್ತಿ ನಿಂತಿದ್ದ ತಂಗಿ, ಕೆಲಸದಿಂದ ನೇರ ಬಂದವಳು, ಬಿಳಿಯ ಸಮವಸ್ತ್ರದಲ್ಲೇ ಕೂಗುತ್ತಿದ್ದಳು.

ಆಗ ಬುಗುರಿ ಎದುರಾಳಿಯ ಕೈಯಿಂದ ಚೆಂಡನ್ನು ಕಸಿದಳು. ನೇರ ಮಾವನ ಕಡೆಗೇ ಬಂದಳು. ಕ್ಯಾಮೆರಾದೊಳಗೆ ಅವಳು ಬೆಳೆದಳು, ಇನ್ನೂ ಬೆಳೆದಳು. ಇನ್ನೊಂದು ಹೆಜ್ಜೆಗೆ ತಲೆ ಚೌಕಟ್ಟಿನಾಚೆ ಹೋಗುತ್ತಿತ್ತು. ಲೆನ್ಸ್ ಹಿಂದೆ ಸರಿಯದು. ಮಾವ ಸರಿದರು. ಕೂತಲ್ಲಿಂದಲೇ, ಅಂಡು ಊರಿಕೊಂಡೇ, ಕೂಸು ತೆವಳುವ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋದರು, ಬೆನ್ನು ಗೋಡೆಗೆ ದಬ್ ಎಂದು ಬಡಿಯಿತು. ಬುಗುರಿ ನೆಲ ಬಿಟ್ಟಳು. ದೇವರೇ, ಎಂದಿತು ಮಾವನ ಮನಸ್ಸು. ಬೆರಳು ಒತ್ತಿತು.

ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಅವರು ನೋಡಲಿಲ್ಲ. ಹಾಲ್ ಹಾರಿಹೋಗುವ ಹಾಗೆ ಎದ್ದ ಗದ್ದಲದಿಂದ ಗೊತ್ತಾಯಿತು. ಕೋಚಮ್ಮ ಓಡಿಬಂದು ಮಾವನ ಬಾಯಿಂದ ಕರವಸ್ತ್ರ ಎಳೆದರು. ಹಲ್ಲು ಕಚ್ಚಿದ ಬಿಗಿಗೆ ಅದು ಹರಿದು ಎರಡಾಗಿತ್ತು.

“ಗೆದ್ವಿ ಮಾವ! ಈಗ ಕೂಗಿ, ಎಷ್ಟು ಬೇಕಾದ್ರೂ ಕೂಗಿ!”

ಆದರೆ ಮಾವ ಕ್ಯಾಮೆರಾದ ಪರದೆ ನೋಡುತ್ತಿದ್ದರು. ಬೆನ್ನು, ಮೊಣಕೈ, ಬೆನ್ನು, ಬರೀ ನೆಲ... ಆಮೇಲೆ ಅದು. ಬುಗುರಿ ಗಾಳಿಯಲ್ಲಿದ್ದಳು. ಬಿಚ್ಚಿದ ಬೂಟಿನ ದಾರ ಗಾಳಿಯಲ್ಲಿತ್ತು. ಚೆಂಡು ಬೆರಳ ತುದಿಯನ್ನು ಆಗಷ್ಟೇ ಬಿಡುತ್ತಿತ್ತು. ಗಲ್ಲದ ಮೇಲಿನ ಬೆವರಹನಿ, ಹುಬ್ಬು, ಕಣ್ಣು, ಎಲ್ಲ ತಿಳಿನೀರಿನ ತಳ ಕಂಡಂತೆ ಸ್ಪಷ್ಟ. ಹಿಂದಿನ ಜನವೆಲ್ಲ ಬಣ್ಣದ ಮಂಜು.

ತಂಗಿ ಬಗ್ಗಿ ನೋಡಿದಳು, ಸೆರಗಿಲ್ಲದ ಸಮವಸ್ತ್ರದ ತೋಳಿನಿಂದಲೇ ಕಣ್ಣೊರೆಸಿಕೊಂಡಳು. “ಅಣ್ಣ, ಹಿಂದೆ ಇರೋ ಈ ಬಿಳಿ ಚುಕ್ಕೆ ಏನೋ?”

“ಅದು ನೀನೇ.”

“ಅಯ್ಯೋ! ಮಗಳನ್ನ ಹಿಡಿಯೋಕೆ ಹೋಗಿ ತಾಯಿನ ಹೊಗೆ ಮಾಡ್ಬಿಟ್ಯಲ್ಲೋ!”

ಸೋಮವಾರ ಬೆಳಿಗ್ಗೆ ಸಾಮಾನು ಗಾಡಿಗೇರಿತ್ತು. ಮಾವ ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಖಾಲಿ ಬಿಟ್ಟಿದ್ದ ನಟ್ಟನಡುವೆ ದೊಡ್ಡ ಫೋಟೋ ತೂಗುಹಾಕಿ, ಗಾಜನ್ನು ಒರೆಸಿದರು. ಬುಗುರಿ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದವಳು ಅದರ ಮುಂದೆ ನಿಂತಳು. ಕಾಲು ಕುಣಿಯಲಿಲ್ಲ, ಜಡೆ ಅಲ್ಲಾಡಲಿಲ್ಲ. ದರ್ಜಿ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ನೋಡಿದ. ತಂಗಿ ಗಾಡಿಯಿಂದ ಕರೆದಳು, ಅವಳಿಗೆ ಕೇಳಿಸಲಿಲ್ಲ.

ಮಾವನ ಕೈ ತಾನಾಗಿ ಕ್ಯಾಮೆರಾದ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಇಷ್ಟು ವರ್ಷ ಕಾದ ಗಳಿಗೆ ಅದು. ಆದರೂ ಅವರು ಅವಳನ್ನು ಕಣ್ಣಿನಲ್ಲೇ ನೋಡಿದರು, ಸಾಕೆನ್ನುವಷ್ಟು ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಗದರಿದರು:

“ಏನೇ ಹಾಗೆ ಕಂಬದ ಥರ ನಿಂತಿದ್ದೀಯ? ಅಲ್ಲಾಡೇ! ಗಿರಾಕಿಗಳಿಗೆ ದಾರಿ ಬಿಡು!”