ಸೋರದಣ್ಣನ ಒಣಗಿಸುವ ಕೋಣೆ

ಬೀದಿಯವರು ಅವನನ್ನು ಸೋರದಣ್ಣ ಎಂದೇ ಕರೆಯುತ್ತಿದ್ದರು. ಅವನು ಬೆಸುಗೆ ಹಾಕಿದ ತಗಡಿನ ಬಕೆಟ್ಟು ಒಂದು ಹನಿ ಸೋರಿದ್ದನ್ನು ಯಾರೂ ಕಂಡವರಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಬಕೆಟ್ಟು ಕೇಳುವವರೂ ಇಲ್ಲವಾದರು. ಬಟ್ಟೆ ಒಗೆದುಕೊಡುವ ಅಕ್ಕನ ಅಂಗಡಿಯ ಮೂಲೆಯಲ್ಲಿ ಅವನು ಕೈಕಟ್ಟಿ ಕೂರುವಂತಾಯಿತು.

ಅಕ್ಕನಿಗಿದ್ದ ಆಧಾರವೆಂದರೆ ಆಸ್ಪತ್ರೆಯ ಬೆಡ್‌ಶೀಟುಗಳು ಮಾತ್ರ. ಚಳಿಗಾಲದಲ್ಲಿ ಅವು ಒಣಗುತ್ತಿರಲಿಲ್ಲ. "ಇನ್ನೊಂದು ಸಲ ಹಸಿ ಬಂದ್ರೆ ಬೇರೆಯವರಿಗೆ ಕೊಡ್ತೀವಿ" ಎಂದು ಆಸ್ಪತ್ರೆಯ ಉಗ್ರಾಣದವನು ಹೇಳಿಹೋಗಿದ್ದ.

ಸೋರದಣ್ಣ ಎಲ್ಲಿಂದಲೋ ಹಳೆಯ ಸೋಲಾರ್ ಫಲಕಗಳನ್ನು ತಂದು ಮಾಳಿಗೆಯ ಮೇಲೆ ನಿಲ್ಲಿಸಿದ. ಅವುಗಳ ಬೆನ್ನಿಗೆ ತಗಡಿನ ಕೊಳವೆ ಕಟ್ಟಿದ. ಬಿಸಿಲಿಗೆ ಕಾದ ಫಲಕದ ಬೆನ್ನು ಸವರಿಕೊಂಡು ಬಂದ ಗಾಳಿ ಬಿಸಿಯಾಗಿ ಕೆಳಗಿನ ಬಟ್ಟೆ ಒಣಗಿಸುವ ಕೋಣೆಗೆ ಇಳಿಯಬೇಕು. ಅದನ್ನು ಎಳೆಯುವ ಫ್ಯಾನಿಗೆ ಕರೆಂಟು ಕೊಡುವುದೂ ಅದೇ ಫಲಕ. "ಬೆನ್ನಿಗೆ ಹೊರಗಿನ ತಣ್ಣನೆ ಗಾಳಿ ಬಿಡ್ತಾ ಇರಬೇಕು. ಫಲಕ ತಣ್ಣಗಿದ್ದಷ್ಟೂ ಕರೆಂಟು ಚೆನ್ನಾಗಿ ಬರುತ್ತೆ, ಶಾಖಾನೂ ಪೋಲಾಗಲ್ಲ" ಎಂದಿದ್ದ ಫಲಕ ಮಾರಿದವನು.

ಅಕ್ಕ ಕೊಳವೆಯ ಬಾಯಿಗೆ ಕೈಯೊಡ್ಡಿದಳು. "ಬೆಚ್ಚಗಿದೆ ಕಣೋ. ಬಿಸಿ ಎಲ್ಲಿದೆ?"

"ಎಲ್ಲಾ ಕಿಟಕಿ ಸಂದೀಲಿ ಸೋರಿಹೋಗ್ತಿದೆ ಅಕ್ಕ. ನಾಳೆ ನೋಡು."

ಕಾದ ಗಾಳಿಯನ್ನು ಬೀದಿಗೆ ಬಿಡುವುದು ಅವನ ಪಾಲಿಗೆ ತೂತು ಬಕೆಟ್ಟಿನಷ್ಟೇ ನಾಚಿಕೆಗೇಡು. ಕಿಟಕಿಗೆ ತಗಡು ಹೊಡೆದ. ಸಂದಿಗಳಿಗೆಲ್ಲ ಮೇಣ ಮೆತ್ತಿದ. ಕೋಣೆಯ ಗಾಳಿಯೇ ತಿರುಗಿ ಫಲಕದ ಬೆನ್ನಿಗೆ ಹೋಗುವಂತೆ ಇನ್ನೊಂದು ಕೊಳವೆ ಬೆಸೆದ.

ಮರುದಿನ ಮಧ್ಯಾಹ್ನ ಕೋಣೆ ಒಲೆಯಂತೆ ಕಾದಿತ್ತು. "ನಿನ್ನನ್ನೂ ಹಗ್ಗಕ್ಕೆ ನೇತುಹಾಕಿದ್ರೆ ಸಂಜೆಗೆ ಹಪ್ಪಳ" ಎಂದು ನಕ್ಕು, ಅಕ್ಕ ಇದ್ದಬದ್ದ ಬೆಡ್‌ಶೀಟೆಲ್ಲ ಹರವಿದಳು.

ಸಂಜೆ ಬಾಗಿಲು ತೆಗೆದಾಗ ಗೋಡೆಗಳು ಬೆವರುತ್ತಿದ್ದವು. ಬಟ್ಟೆ ಬಿಟ್ಟ ತೇವಕ್ಕೆ ಹೊರಹೋಗುವ ದಾರಿಯೇ ಇರಲಿಲ್ಲ. ಕಾದ ಗಾಳಿಯೇ ಮತ್ತೆ ಮತ್ತೆ ಬೆನ್ನಿಗೆ ಬಂದು ಫಲಕ ತಣಿಯದೆ, ಕರೆಂಟು ಇಳಿದು, ಫ್ಯಾನು ಕುಂಟುತ್ತಿತ್ತು. ಬೆಡ್‌ಶೀಟುಗಳು ಮುಗ್ಗಲು ನಾತ ಹೊಡೆಯುತ್ತಿದ್ದವು.

ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂತು. ಉಗ್ರಾಣದವನು ಒಂದನ್ನು ಮೂಗಿಗೆ ಹಿಡಿದು ಕೆಳಗಿಟ್ಟ.

"ಬೇಜಾರು ಮಾಡ್ಕೋಬೇಡಿ ಅಮ್ಮ" ಎಂದ. ಹಸಿ ಬಟ್ಟೆಯ ಜತೆ, ಮೂಲೆಯಲ್ಲಿದ್ದ ಆಸ್ಪತ್ರೆಯ ಖಾಲಿ ಬುಟ್ಟಿಗಳನ್ನೂ ಗಾಡಿಗೆ ಹಾಕಿಕೊಂಡ.

ಬೆಳಗಾದ ಮೇಲೆ ಸೋರದಣ್ಣ ತಗಡು ಕತ್ತರಿಸುವ ಕತ್ತರಿ ಹಿಡಿದ. ತಾನೇ ಬೆಸೆದ ಕೊಳವೆಯನ್ನು ಬಿಚ್ಚಿ, ಅದರ ಬಾಯಿಯನ್ನು ಹೊರಗಾಳಿಗೆ ತೆರೆದ. ಕಿಟಕಿಯ ತಗಡಿನಲ್ಲಿ ದೊಡ್ಡ ತೂತು ಕೊರೆದ.

"ಊರು ಸೂರೆಯಾದ ಮೇಲೆ ಜನ ಕೋಟೆ ಬಾಗಿಲು ಹಾಕ್ತಾರೆ. ನೀನು ತೆಗೀತಿದ್ದೀಯ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಬಿಸಿಲೇರಿತು. ಫ್ಯಾನು ಜೋರಾಗಿ ತಿರುಗಿತು. ಅಕ್ಕ ನೆಲ ಒರೆಸುವ ಒದ್ದೆ ಬಟ್ಟೆಯೊಂದನ್ನು ತಂದು ಹಗ್ಗಕ್ಕೆ ಹಾಕಿದಳು, ಒಣಹಾಕಲು ಬೇರೇನೂ ಇರಲಿಲ್ಲ. ಅಡುಗೆ ಮುಗಿಸಿ ಬರುವಷ್ಟರಲ್ಲಿ ಅದು ಗರಿಗರಿಯಾಗಿ ಒಣಗಿತ್ತು. ಅದನ್ನು ಬೆಡ್‌ಶೀಟಿನಂತೆ ಅಂಚಿಗೆ ಅಂಚು ಸೇರಿಸಿ ಮಡಿಸಿ, ತಮ್ಮನ ಕೈಗೆ ಕೊಟ್ಟು, ನಡುಮಧ್ಯಾಹ್ನವೇ ಅಂಗಡಿಯ ಬಾಗಿಲು ಹಾಕಲು ಹೋದಳು.